ಜಾಝ್ ಸಾರ್ ತಪ್ಪಿಸಿದ ಗಟ್ಟಿಮೇಳ

ಹೋದ ವಾರ ನನ್ನ ದವಡೆ ಹಲ್ಲು ಕೈಕೊಟ್ಟಿತು. ಮಧುಗಿರಿ ಬಸ್ ಸ್ಟ್ಯಾಂಡಿನ ಎದುರಿನ ಮೆಡಿಕಲ್ ಶಾಪಿನವರು ಪುಟ್ಟ ಸೀಸೆಯಲ್ಲಿ ಲವಂಗದೆಣ್ಣೆ ಕೊಟ್ಟು, ಹತ್ತಿಯಲ್ಲಿ ಅದ್ದಿ ನೋವಿರುವ ಕಡೆ ಇಟ್ಟುಕೊಳ್ಳಿ ಎಂದರು. ಮನೆಗೆ ಬಂದು ಮುಚ್ಚಳ ತಿರುಗಿಸಿದೆ, ಅಷ್ಟೇ. ಹಲ್ಲುನೋವು ಸಾಲದೆಂದು ಆ ವಾಸನೆಯ ಹಿಂದೆಯೇ ಆ ಮನುಷ್ಯನೂ ಬಂದು ಎದುರಿಗೆ ಕೂತ. ಅದೇ ಮಾಸಿದ ಸಫಾರಿ, ಅದೇ ಕಪ್ಪು ಶೂ, ಕೆನ್ನೆಯೊಳಗೆ ಅದೇ ಲವಂಗ. ಸತ್ತ ಮೇಲೂ ಕರೆಯದೆ ಬರುವ ಚಾಳಿ ಬಿಟ್ಟಿಲ್ಲವಲ್ಲ ಎಂದು ಸಿಟ್ಟು ಬಂತು.

ಮಧುಗಿರಿಯವರು ಆತನನ್ನು ಜಾಝ್ ಸಾರ್ ಎನ್ನುತ್ತಿದ್ದರು. ಊರಿನಲ್ಲಿ ಜಾಝ್ ಕೇಳಿದವರು ಒಬ್ಬರೂ ಇರಲಿಲ್ಲ; ತನಗೆ ತಾನೇ ಇಟ್ಟುಕೊಂಡ ಹೆಸರನ್ನು ಎಲ್ಲರೂ ಪಾಪ ಎಂದು ಒಪ್ಪಿಕೊಂಡಿದ್ದರು. ವಯಸ್ಸಾದವರನ್ನು ಬಹುವಚನದಲ್ಲಿ ಕರೆಯಬೇಕೆಂದು ನನಗೂ ಕಲಿಸಿದ್ದಾರೆ. ಎದುರಿಗಿದ್ದಾಗ ಹಾಗೇ ಕರೆದಿದ್ದೇನೆ ಕೂಡ. ಬರೆಯುವಾಗ ಮಾತ್ರ ಕೈ ಬರುವುದಿಲ್ಲ.

ನಮ್ಮದು ಕೊಡಿಗೇನಹಳ್ಳಿಯ ವಾಲಗದ ಮನೆ. ಅಪ್ಪ ಡೋಲು ಬಾರಿಸುತ್ತಿದ್ದರು, ಚಿಕ್ಕಪ್ಪ ನಾಗಸ್ವರ, ನಾನು ಸ್ಯಾಕ್ಸೋಫೋನ್. ಹೆಣ್ಣುಮಗಳೊಬ್ಬಳು ಸ್ಯಾಕ್ಸೋಫೋನ್ ಊದುತ್ತಾಳೆ ಎಂಬ ಕಾರಣಕ್ಕೇ ನಮ್ಮ ವಾಲಗದ ಸೆಟ್ಟನ್ನು ಕರೆಸುವವರಿದ್ದರು. ಬಂದವರು ನುಡಿಸುವುದನ್ನು ಕೇಳುತ್ತಿರಲಿಲ್ಲ, ನನ್ನ ಕೆನ್ನೆ ಎಷ್ಟು ಉಬ್ಬುತ್ತದೆ ಎಂದು ನೋಡಿ, ಊಟದ ಪಂಕ್ತಿಗೆ ಹೋಗುತ್ತಿದ್ದರು. ಹೋಗಲಿ. ಕೊರಟಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯುವ ಮದುವೆಗಳೆಲ್ಲ ನಮ್ಮ ಸೆಟ್ಟಿಗೇ ಬರುತ್ತಿದ್ದವು. ಅಲ್ಲಿನ ಮ್ಯಾನೇಜರಿಗೆ ಸಂಗೀತದ ಗಂಧಗಾಳಿ ಇಲ್ಲದಿದ್ದರೂ ಅಪ್ಪನ ಮೇಲೆ ಒಂದು ನಂಬಿಕೆ ಇತ್ತು. ಅದು ಗಟ್ಟಿಮೇಳದ ನಂಬಿಕೆ.

ಗಟ್ಟಿಮೇಳ ಎಂದರೆ ಮದುವೆಮನೆ ಕಂಡವರಿಗೆಲ್ಲ ಗೊತ್ತು. ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು ಬೆರಳೆತ್ತಿ ಕೂಗುತ್ತಾರೆ. ಆಗ ನುಡಿಸುತ್ತಿರುವುದು ಏನೇ ಇರಲಿ, ಅದನ್ನು ಅಲ್ಲೇ ಬಿಟ್ಟು ವಾಲಗದವರೆಲ್ಲ ಒಟ್ಟಿಗೆ ಜೋರಾಗಿ, ಬಿರುಸಾಗಿ ಬಾರಿಸಬೇಕು. ಆ ಸದ್ದಿನಲ್ಲಿ ಯಾರ ಸೀನೂ ಯಾರ ಕೆಟ್ಟ ಮಾತೂ ಹುಡುಗ-ಹುಡುಗಿಯ ಕಿವಿಗೆ ಬೀಳಬಾರದು. ಗಟ್ಟಿಮೇಳ ಏಳುವುದು ಡೋಲಿನಿಂದ. ಹಾಗಾಗಿ ಡೋಲಿನವನು ಕೈಯಲ್ಲಿ ಏನೇ ಮಾಡುತ್ತಿರಲಿ, ಕಣ್ಣನ್ನು ಪುರೋಹಿತರ ಬೆರಳಿನಿಂದ ತೆಗೆಯಕೂಡದು. ಅಪ್ಪ ಜ್ವರ ಬಂದಾಗಲೂ ತಪ್ಪಿದವರಲ್ಲ. ತಪ್ಪಿದರೆ ಸೆಟ್ಟಿನ ಹೆಸರು ಹೋದಂತೆಯೇ, ಮತ್ತೆ ಯಾರೂ ಕರೆಯುವುದಿಲ್ಲ. ನಮ್ಮ ಅನ್ನ ಇದ್ದದ್ದು ಆ ಒಂದು ಗಳಿಗೆಯ ಮೇಲೆ.

ಜಾಝ್ ಸಾರ್ ಹುಟ್ಟಿದ್ದು ಪಾವಗಡದ ಕಡೆಯ ಹಳ್ಳಿಯಲ್ಲಿ. ಎಲ್ಲೋ ಬ್ಯಾಂಡಿನಲ್ಲಿ ಊದಲು ಕಲಿತು, ಬೆಂಗಳೂರಿಗೆ ಹೋಗಿ, ದೊಡ್ಡ ಹೋಟೆಲೊಂದರಲ್ಲಿ ಜನ ಊಟ ಮಾಡುವಾಗ ಸ್ಯಾಕ್ಸೋಫೋನ್ ನುಡಿಸುತ್ತಿದ್ದನಂತೆ. ಹೋಟೆಲಿನವರು ಬ್ಯಾಂಡನ್ನು ತೆಗೆದು ಸ್ಪೀಕರು ಹಾಕಿಕೊಂಡ ಮೇಲೆ ಮಧುಗಿರಿಗೆ ಬಂದು, ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯಲ್ಲಿ ರೂಮು ಹಿಡಿದ. ನಾವು ಮೊದಲು ಆತನನ್ನು ಕಂಡದ್ದು ಒಂದು ಮದುವೆಯಲ್ಲಿ. ಯಾರ ಕಡೆಯವನೂ ಅಲ್ಲ. ಊಟ ಮುಗಿಸಿ, ಕೈಯಲ್ಲಿ ಬಾಳೆಹಣ್ಣು ಹಿಡಿದು, ನಮ್ಮ ಮುಂದೆ ನಿಂತು ಒಂದಿಡೀ ಕೀರ್ತನೆ ಕೇಳಿದ. ಮುಗಿದ ಮೇಲೆ ತಲೆಯಾಡಿಸಿ, "ಏಮಮ್ಮಾ, ಇದಿ ಸಂಗೀತಮಾ, ಜೆರಾಕ್ಸಾ? ಗುರುಗಳು ಹೇಳಿದ್ದು ನೀನು ಊದ್ತೀಯ, ಅವರಿಗೆ ಅವರ ಗುರುಗಳು ಹೇಳಿದ್ದು. ನಿಂದು ಅನ್ನೋದು ಇದ್ರಾಗೆ ಎಲ್ಲಿದೆ?" ಎಂದ.

ನನಗೆ ಮೈಯೆಲ್ಲ ಉರಿಯಿತು. ಬಿಟ್ಟಿ ಊಟ ಮಾಡಿದ ಬಾಯಿ ಅಷ್ಟಾದರೂ ಸುಮ್ಮನಿರಬಾರದೇ? ಅಪ್ಪ ಮಾತ್ರ ಡೋಲಿನ ಮೇಲೆ ಕೈಯಿಟ್ಟುಕೊಂಡು ಆತನನ್ನೇ ನೋಡುತ್ತಿದ್ದರು. ಅವರಿಗೆ ಹೊಸದು ಏನು ಕಂಡರೂ ಬಾಯಿ ತೆರೆದು ನಿಲ್ಲುವ ಅಭ್ಯಾಸ.

"ಅಂಗಂದ್ರೆ ನೀವು ಹೆಂಗೆ ಊದ್ತೀರಾ ಸಾಮಿ?" ಎಂದು ಕೇಳಿಯೇಬಿಟ್ಟರು.

ಆಷಾಢ ಬಂತು. ಮದುವೆಗಳಿಲ್ಲದ ತಿಂಗಳು, ವಾಲಗದವರೆಲ್ಲ ಮನೆಯಲ್ಲಿ ಕೂತು ಡೋಲಿನ ಹಗ್ಗ ಬಿಗಿಯುವ ಕಾಲ. ಜಾಝ್ ಸಾರ್ ಪುಕ್ಕಟೆ ಹೇಳಿಕೊಡುತ್ತೇನೆಂದ. ಪುಕ್ಕಟೆ ಎಂದರೆ ಹೋಗುವಾಗ ಬೋಂಡ, ಬರುವಾಗ ಟೀ, ಎರಡೂ ನಮ್ಮದೇ. "ಕಲಿತ್ರೆ ನಷ್ಟ ಏನೈತೆ ಕಣಮ್ಮ, ಬಾ ಹೋಗಾನ" ಎಂದು ಅಪ್ಪ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಹಾಗೆ ಆ ಮಹಡಿಯ ಮೇಲಿನ ತಗಡಿನ ನೆರಳಿನಲ್ಲಿ, ಎದುರಿಗೆ ಬೆಟ್ಟವನ್ನು ಇಟ್ಟುಕೊಂಡು, ನಮ್ಮ ಜಾಝ್ ಪಾಠ ಶುರುವಾಯಿತು.

ಮೊದಲನೆಯದು ಚಪ್ಪಾಳೆ. ನಾಲ್ಕು ಎಣಿಸಬೇಕು. ಒಂದೊಂದು ಏಟೂ ಒಂದು ಬೀಟ್. ಎಷ್ಟು ವೇಗವಾಗಿ ಎಣಿಸುತ್ತೇವೆ ಎಂಬುದು ಟೆಂಪೊ. ನಾಲ್ಕು ಬೀಟು ಸೇರಿದರೆ ಒಂದು ಬಾರ್. ಇದನ್ನು ಹೇಳಲು ಆತ ಒಂದು ಮಧ್ಯಾಹ್ನ ತೆಗೆದುಕೊಂಡ. "ನಮ್ಮಲ್ಲಿ ಲಯ, ಆವರ್ತ ಅಂತ ಇದೆಯಲ್ಲ ಸಾರ್, ಅದೇ ತಾನೆ?" ಎಂದೆ. "ಅದಿ ವೇರು, ಇದಿ ವೇರು" ಎಂದು ನೊಣ ಓಡಿಸುವವನಂತೆ ಕೈ ಬೀಸಿದ. ಅದು ಬೇರೆ, ಇದು ಬೇರೆ! ನಮ್ಮ ಹತ್ತಿರ ಇರುವುದು ಯಾವುದೂ ಆತನ ಹತ್ತಿರ ಇರುವುದರ ಹಾಗೆ ಇರಕೂಡದು. ಇದ್ದುಬಿಟ್ಟರೆ ಆತನ ಬೆಲೆ ಏನಾಗಬೇಕು?

ಆದರೆ ಒಂದು ವಿಷಯದಲ್ಲಿ ನಿಜವಾಗಿಯೂ ಬೇರೆಯೇ ಇತ್ತು. ಆ ನಾಲ್ಕು ಬೀಟಿನಲ್ಲಿ ನಮ್ಮ ಕೈ ತಾನಾಗಿ ಒಂದರ ಮೇಲೆ ಒತ್ತು ಕೊಡುತ್ತದೆ. ಜಾಝ್‌ನವರು ಒತ್ತುವುದು ಎರಡು ಮತ್ತು ನಾಲ್ಕರ ಮೇಲಂತೆ. ಜೀವಮಾನವಿಡೀ ಒಂದರ ಮೇಲೆ ಬಿದ್ದ ಅಪ್ಪನ ಕೈ ಎರಡಕ್ಕೆ ಕಾಯಲಾರದೆ ಚಡಪಡಿಸುತ್ತಿತ್ತು. ಅವರು ತಪ್ಪಿದಾಗಲೆಲ್ಲ ಜಾಝ್ ಸಾರ್ ಕಣ್ಣು ಮುಚ್ಚಿ, ಹಣೆ ಒತ್ತಿಕೊಂಡು, ಯಾರೋ ಸತ್ತ ಸುದ್ದಿ ಬಂದವನಂತೆ ಮುಖ ಮಾಡುತ್ತಿದ್ದ.

ಆಮೇಲೆ ಸ್ವಿಂಗ್. ಒಂದು ಬೀಟನ್ನು ಎರಡು ಪಾಲು ಮಾಡಿದರೆ ಸಮಪಾಲು ಮಾಡಬಾರದು. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಆಗ ಸಂಗೀತ ನಡೆಯುವುದಿಲ್ಲ, ತೂಗುತ್ತದೆ ಎಂದ. ತೋರಿಸಲೆಂದು ಮಹಡಿಯ ಈ ಕಡೆಯಿಂದ ಆ ಕಡೆಗೆ "ಡೂ...ದ, ಡೂ...ದ" ಎಂದು ಒಂದು ಕಾಲೆಳೆದುಕೊಂಡು ನಡೆದ. ಅಂಗಡಿಯ ಯಜಮಾನರು ಮೇಲೆ ಬಂದು, "ಕಾಲ್ಗೇನಾಯ್ತು ಸಾರ್, ಎಣ್ಣೆ ಹಚ್ಕಳಿ" ಎಂದು ಕಾಳಜಿಯಿಂದ ಹೇಳಿ ಹೋದರು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಅಪ್ಪ ನಗಲಿಲ್ಲ. ಅವರು ಆತನ ಕಾಲನ್ನೇ ನೋಡುತ್ತ ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು.

ಕಾರ್ಡ್ ಎಂದರೆ ಮೂರು ನಾಲ್ಕು ಸ್ವರಗಳನ್ನು ಒಂದೇ ಸಲ ನುಡಿಸುವುದು, ಷಡ್ಜ ಗಾಂಧಾರ ಪಂಚಮ ಮೂರೂ ಒಟ್ಟಿಗೆ. ಪಿಯಾನೊ ಇರಬೇಕು ಅದಕ್ಕೆ. ಪಿಯಾನೊ ಇಲ್ಲವಾದ್ದರಿಂದ ಆತ ಒಂದು ಸ್ವರ ಹಿಡಿದು, ನನಗೊಂದು ಕೊಟ್ಟು, ಅಪ್ಪನ ಕೈಲಿ ಇನ್ನೊಂದನ್ನು ಹಾಡಿಸಿದ. "ಮೂರು ಜನ ಒಂದೇ ಕಿತ ಮಾತಾಡಿದ್ರೆ ನಮ್ಮೂರಾಗೆ ಜಗಳ ಅಂತಾರೆ ಸಾಮಿ" ಎಂದರು ಅಪ್ಪ. ಆತನಿಗೆ ತಮಾಷೆ ಅರ್ಥವಾಗುತ್ತಿರಲಿಲ್ಲ. ಸ್ಕೇಲ್ ಎಂದರೆ ಸ್ವರಗಳ ಏಣಿ ಎಂದು ಹೇಳಿ, ಆತ ಬಹಳ ಗುಟ್ಟಿನಿಂದ ಊದಿ ತೋರಿಸಿದ ಮೊದಲ ಸ್ಕೇಲು ಶಂಕರಾಭರಣವಾಗಿತ್ತು. ನಾನು ಎಂಟನೆಯ ವಯಸ್ಸಿನಲ್ಲಿ ಕಲಿತದ್ದು. ಮುಖಕ್ಕೆ ಹೇಳಿದೆ. ಉತ್ತರ ಗೊತ್ತಲ್ಲ, ಅದಿ ವೇರು.

ಬ್ಲೂ ನೋಟ್ ಎಂಬುದನ್ನು ಮಾತ್ರ ಆತ ಚೆನ್ನಾಗಿ ಊದುತ್ತಿದ್ದ, ಇಲ್ಲವೆನ್ನಲಾರೆ. ಎರಡು ಗಾಂಧಾರಗಳಿವೆಯಲ್ಲ, ಚಿಕ್ಕದು ದೊಡ್ಡದು, ಅವೆರಡರ ನಡುವೆ ಎಲ್ಲೋ ಒಂದು ಜಾಗ. ಅಲ್ಲಿಗೆ ಬೆರಳು ಒಯ್ಯುವುದಿಲ್ಲ, ತುಟಿ ಸಡಿಲಿಸಿ ಸ್ವರವನ್ನು ಬಗ್ಗಿಸಬೇಕು. ಅಳು ಬಂದವರು ಅಳದೆ ಮಾತಾಡಿದರೆ ದನಿ ಹೇಗಿರುತ್ತದೋ ಹಾಗಿರುತ್ತದೆ ಅದು. ಸ್ವರವನ್ನು ಅಲುಗಿಸುವ ಗಮಕದಲ್ಲಿ ನಾವು ಇಂಥ ಜಾಗಗಳನ್ನು ದಿನಾ ಹಾಯುತ್ತೇವೆ, ಅದಕ್ಕೊಂದು ಹೆಸರಿಟ್ಟು ಜಂಭ ಪಡುವುದಿಲ್ಲ ಅಷ್ಟೇ.

ಆತನ ಜಂಭವೆಲ್ಲ ಬಂದು ನಿಲ್ಲುತ್ತಿದ್ದದ್ದು ಸೋಲೊ ಎಂಬುದರ ಮೇಲೆ. ಮೊದಲು ಹೆಡ್ ನುಡಿಸಬೇಕು. ಎಂದರೆ ಎಲ್ಲರಿಗೂ ತಿಳಿದ ಆ ಹಾಡಿನ ಧಾಟಿ. ಅದಾದ ಮೇಲೆ ಹಾಡಿನ ಕಟ್ಟು ಹಾಗೇ ಸುತ್ತುತ್ತಿರುವಾಗ, ಅದರ ಮೇಲೆ ಒಬ್ಬನೇ ತನಗೆ ತೋಚಿದ್ದನ್ನು ಆ ಕ್ಷಣದಲ್ಲಿ ಹುಟ್ಟಿಸಿ ನುಡಿಸಬೇಕು. ಅದು ಇಂಪ್ರೊವೈಸೇಶನ್. ನಮ್ಮ ಸಂಗೀತದ ಮನೋಧರ್ಮ ಇದೇ ತಾನೆ ಎಂದೆ. ಆತನ ಕೈ ಆಗಲೇ ಮೇಲಕ್ಕೆದ್ದಿತ್ತು. "ನುಡಿಸಿದ್ದನ್ನ ಇನ್ನೊಂದ್ಸಲ ನುಡಿಸಿದ್ರೆ ಜಾಝ್ ಸತ್ತಂತೆ ಅಮ್ಮಾ. ನಾನು ಇಷ್ಟು ವರ್ಷದಾಗೆ ಒಂದು ಸೋಲೊ ಎರಡು ಸಲ ನುಡಿಸಿಲ್ಲ. ದೇವುಡಿ ಆಣೆ." ಅಷ್ಟು ಹೇಳಿ ವಾದ್ಯವೆತ್ತಿಕೊಂಡು ಒಂದು ಸೋಲೊ ನುಡಿಸಿದ. ಅಪ್ಪ ತಲೆದೂಗಿದರು. ನಾನು ತಲೆದೂಗಲಿಲ್ಲ. ಏಕೆಂದರೆ ಅದನ್ನು ನಾನು ಹಿಂದಿನ ವಾರವೂ ಕೇಳಿದ್ದೆ.

ನಾವು ಕಿವಿಯಿಂದ ಕಲಿತವರು. ನಮ್ಮ ಗುರುಗಳು ಒಂದು ವರ್ಣವನ್ನು ಎರಡು ಮೂರು ಸಲ ನುಡಿಸಿ ಎದ್ದುಹೋಗುತ್ತಿದ್ದರು. ಮಾರನೆಯ ದಿನ ಒಪ್ಪಿಸದಿದ್ದರೆ ಮುಖಕ್ಕೆ ಮಂಗಳಾರತಿ. ಹಾಗಾಗಿ ಆಷಾಢ ಮುಗಿಯುವ ಹೊತ್ತಿಗೆ ಆತನ ಬಂಡವಾಳವೆಲ್ಲ ನನ್ನ ಕಿವಿಯಲ್ಲಿತ್ತು. ಒಟ್ಟು ಇದ್ದದ್ದು ಮೂರು ಸೋಲೊ. ಒಂದರ ತಲೆ ತೆಗೆದು ಇನ್ನೊಂದಕ್ಕೆ ಇಡುತ್ತಿದ್ದ, ಅಷ್ಟೇ. ಮುಂದಿನ ಸಲ ಆತ ಕಣ್ಣು ಮುಚ್ಚಿ "ಈಗ ಹುಟ್ಟುತ್ತಿರುವ" ಸೋಲೊ ಶುರುಮಾಡಿದಾಗ, ನಾನೂ ಸ್ಯಾಕ್ಸೋಫೋನ್ ಎತ್ತಿಕೊಂಡು ಜೊತೆಗೇ ನುಡಿಸಿದೆ. ಸ್ವರಕ್ಕೆ ಸ್ವರ, ಉಸಿರು ತೆಗೆದುಕೊಳ್ಳುವ ಜಾಗವೂ ಸೇರಿ. ಆತ ಸ್ವಲ್ಪ ದೂರ ಹೋಗಿ, ಹಿಂದೆ ಯಾರೋ ಬರುತ್ತಿದ್ದಾರೆಂದು ತಿಳಿದವನಂತೆ ನಿಂತುಬಿಟ್ಟ. ನಾನು ನಿಲ್ಲಿಸಲಿಲ್ಲ. ಕೊನೆಯವರೆಗೂ ನುಡಿಸಿ ಮುಗಿಸಿದೆ.

"ಜೆರಾಕ್ಸ್ ಚೆನ್ನಾಗಿ ಬಂತಾ ಸಾರ್?" ಎಂದೆ.

ಜಾಝ್ ಸಾರ್ ಜೇಬಿನ ಡಬ್ಬಿಯಿಂದ ಒಂದು ಲವಂಗ ತೆಗೆದು ಕೆನ್ನೆಗೆ ಸೇರಿಸಿಕೊಂಡ. ಆಮೇಲೆ, ತೆಲುಗೂ ಇಲ್ಲದೆ ಬಡಾಯಿಯೂ ಇಲ್ಲದೆ, ಸಣ್ಣ ದನಿಯಲ್ಲಿ ಹೇಳಿದ. ಆ ಮೂರೂ ಸೋಲೊ ಕ್ಯಾಸೆಟ್ಟಿನಿಂದ ಎತ್ತಿದವಂತೆ. ಮೊದಮೊದಲು ಹೋಟೆಲಿನಲ್ಲಿ ತನ್ನದನ್ನೇ ನುಡಿಸುತ್ತಿದ್ದನಂತೆ. ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಕ್ಯಾಸೆಟ್ಟಿನದನ್ನು ನುಡಿಸಿದರೂ ಎತ್ತಲಿಲ್ಲ. ಎರಡೂ ಒಂದೇ ಆದ ಮೇಲೆ ಕಷ್ಟಪಡುವುದೇಕೆ ಎಂದು... "ಈಗ ನಂದು ತೆಗೀಬೇಕು ಅಂದ್ರೂ ಬರಲ್ಲ ಅಮ್ಮಾ. ಬೆರಳು ಹಳೇ ದಾರೀಗೇ ಹೋಗ್ತದೆ. ಹಲ್ಲು ಬೇರೆ ಅಲ್ಲಾಡ್ತಾವೆ. ಮುಂದಿನವು ತೆಗೆಸಲೇಬೇಕು ಅಂದ್ರು ಹಿಂದೂಪುರದ ಡಾಕ್ಟ್ರು. ಹಲ್ಲು ಹೋದ್ರೆ ಊದೋದೂ ಹೋಯ್ತು. ಅಷ್ಟ್ರೊಳಗೆ ಒಂದಾದ್ರೂ ನಂದು ಅಂತ ನುಡಿಸ್ಬೇಕು."

ಮರುಕ ಬರಬೇಕಿತ್ತೇನೋ. ನನಗೆ ಬರಲಿಲ್ಲ. ತಿಂಗಳಿಡೀ ನಮ್ಮ ಬೋಂಡ ತಿಂದು, ನಮ್ಮ ಸಂಗೀತವನ್ನು ಜೆರಾಕ್ಸ್ ಎಂದು ಹಳಿದವನು ತಾನೇ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಇಂಥವರಿಗೆ ಹಲ್ಲು ಬೀಳುವುದೇ ಸರಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಮೆಟ್ಟಿಲಿಳಿದೆ. ಇಂದಿಗೂ ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

ಶ್ರಾವಣದಲ್ಲಿ ಮದುವೆಗಳು ಶುರುವಾದವು. ಕೊರಟಗೆರೆಯ ಮಂಟಪದಲ್ಲಿ ಮೊದಲ ಮುಹೂರ್ತವೇ ದೊಡ್ಡ ಮನೆಯವರದು. ಹಿಂದಿನ ದಿನ ಚಿಕ್ಕಪ್ಪನಿಗೆ ಚಿಕೂನ್‌ಗುನ್ಯ ಹಿಡಿದು ಬೆರಳು ಮಡಚಲಾಗದೆ ಮಲಗಿದರು. ಊರಿನಲ್ಲಿ ಬೇರೆ ನಾಗಸ್ವರದವರು ಸಿಗಲಿಲ್ಲ. ಅಪ್ಪ ಜಾಝ್ ಸಾರಿಗೆ ಫೋನ್ ಮಾಡಿದರು.

"ಅಪ್ಪಾ, ಆ ಮನುಷ್ಯನ್ನ ನಂಬ್ಕೊಂಡು ಹೋಗೋದಾ?" ಎಂದೆ.

"ಪಕ್ಕದಾಗೆ ಕೂತು ನಾಕು ಹಾಡು ಊದಕ್ಕೆ ನಂಬಿಕೆ ಯಾಕಮ್ಮ? ಗಾಳಿ ಇದ್ರೆ ಸಾಕು ಬುಡು" ಎಂದರು ಅಪ್ಪ.

ಆತ ಇಸ್ತ್ರಿ ಮಾಡಿದ ಸಫಾರಿಯಲ್ಲಿ ಬಂದ. ಹಲ್ಲು ತೆಗೆಸುವ ದಿನ ಗೊತ್ತಾಗಿತ್ತು, ಮುಂದಿನ ವಾರ. ದವಡೆ ಊದಿಕೊಂಡಿತ್ತು. ಬೆಳಗಿನ ಶಾಸ್ತ್ರಗಳಿಗೆ ನನ್ನ ಹಿಂದೆ ಹಿಂದೆ ತೆಪ್ಪಗೆ ನುಡಿಸಿದ. ಧಾರೆಗೆ ಇನ್ನೂ ಹೊತ್ತಿತ್ತು. ಪುರೋಹಿತರು ಮಂತ್ರ ಹೇಳುತ್ತಿದ್ದರು, ಹೆಣ್ಣಿನ ಕಡೆಯವರು ಯಾವುದೋ ಸೀರೆಯ ವಿಷಯಕ್ಕೆ ಗಂಟುಮುಖ ಹಾಕಿಕೊಂಡು ಓಡಾಡುತ್ತಿದ್ದರು. ಆಗ ಆತ ಅಪ್ಪನ ಕಡೆ ಬಾಗಿ, "ಒಂದು ಸಣ್ಣದು ನುಡಿಸ್ಲಾ?" ಎಂದು ಕೇಳಿದ. ಅಪ್ಪ ಹೂಂ ಎಂದರು. ಹೆಡ್ ಶುರುವಾದ ಕೂಡಲೇ ನನಗೆ ಗೊತ್ತಾಯಿತು, ಮೂರರಲ್ಲಿ ಎರಡನೆಯದು. ಎಲ್ಲಿ ಏರುತ್ತದೆ, ಎಲ್ಲಿ ಮುಗಿಯುತ್ತದೆ ಎಲ್ಲ ತಿಳಿದದ್ದೇ. ಮುಹೂರ್ತಕ್ಕೆ ಬೇಕಾದಷ್ಟು ಮುಂಚೆಯೇ ಮುಗಿದುಹೋಗುತ್ತದೆ ಎಂದು ನಾನು ಸ್ಯಾಕ್ಸೋಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ನೀರು ಕುಡಿದೆ.

ಹೆಡ್ ಮುಗಿಯಿತು. ಸೋಲೊದ ಮೊದಲ ಏರಿಗೆ ಹೋಗಬೇಕಾದ ಕಡೆ ಆತ ಹೋಗಲಿಲ್ಲ. ಇಳಿದ. ಇಳಿದು ಆ ನಡುವಿನ ಗಾಂಧಾರದ ಮೇಲೆ ನಿಂತ. ಬೆರಳು ಮರೆತಿತೇನೋ ಎಂದುಕೊಂಡೆ. ಸ್ವರ ನಿಂತೇ ಇತ್ತು, ಸ್ವಲ್ಪ ಸ್ವಲ್ಪವಾಗಿ ಬಗ್ಗುತ್ತ. ಆಮೇಲೆ ಆತ ಸುಮ್ಮನಾದ. ಆ ಖಾಲಿ ಜಾಗದಲ್ಲಿ ಅಪ್ಪನ ಡೋಲು ಮೆಲ್ಲಗೆ ಒಂದು ಮಾತು ಹೇಳಿತು, ಎರಡು ಮತ್ತು ನಾಲ್ಕರ ಮೇಲೆ ಒತ್ತಿ. ಆತ ಅದಕ್ಕೆ ಉತ್ತರ ಕೊಟ್ಟ. ಅಪ್ಪ ಮತ್ತೆ ಕೇಳಿದರು. ಆತ ಈ ಸಲ ಬೇಗ ಹೇಳಲಿಲ್ಲ, ಕಾಯಿಸಿ, ಎಲ್ಲೋ ಮೇಲಿನಿಂದ ತಂದು ಹೇಳಿದ. ನಾನು ಲೋಟ ಕೆಳಗಿಟ್ಟೆ. ಇದು ಮೂರರಲ್ಲಿ ಯಾವುದೂ ಅಲ್ಲ. ಮುಂದೆ ಏನು ಬರುತ್ತದೆಂದು ನನಗೆ ಗೊತ್ತಿಲ್ಲ. ಆತನಿಗೂ ಗೊತ್ತಿರಲಿಲ್ಲ, ಊದಿಕೊಂಡ ಆ ಕೆನ್ನೆಯ ಮೇಲೆ ಭಯ ಕಾಣುತ್ತಿತ್ತು. ಸುಳ್ಳು ಹೇಳಲಾರೆ. ನಾನು ಸಾಕಷ್ಟು ದೊಡ್ಡವರ ಸಂಗೀತ ಕೇಳಿದ್ದೇನೆ. ಅಂಥದ್ದನ್ನು ಅಷ್ಟು ಹತ್ತಿರದಿಂದ ಕೇಳಿಲ್ಲ...

ಸೀರೆಯ ಜಗಳ ಯಾವಾಗ ಮುಗಿಯಿತೋ, ಅಂತರಪಟ ಯಾವಾಗ ಸರಿಯಿತೋ. ಪುರೋಹಿತರ ಕೈ ಮೇಲಕ್ಕೆದ್ದದ್ದನ್ನು ಕಂಡು ಅಪ್ಪನ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿದ್ದರು. ಡೋಲಿನ ಮುಂದೆ ಕೂತ ಅಪ್ಪ ಕಣ್ಣು ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೊಣಕೈಯಿಂದ ತಿವಿದೆ, ಕಣ್ಣು ತೆರೆಯಲಿಲ್ಲ. "ಗಟ್ಟಿಮೇಳ, ಗಟ್ಟಿಮೇಳ!" ಎಂದು ಪುರೋಹಿತರು ಎರಡನೆಯ ಸಲ ಕೂಗಿದರು. ಅಕ್ಷತೆ ಹಾರಿತು. ಡೋಲು ಏಳಲಿಲ್ಲ, ಡೋಲು ಏಳದೆ ನಾನೊಬ್ಬಳು ಊದಿದರೆ ಅದು ಗಟ್ಟಿಮೇಳವಾಗುವುದಿಲ್ಲ. ಹುಡುಗ ಮೂರನೆಯ ಗಂಟು ಹಾಕುತ್ತಿದ್ದಾಗ ಆತ ಆ ಬಗ್ಗಿದ ಗಾಂಧಾರವನ್ನು ಉಸಿರಿನಷ್ಟು ಸಣ್ಣದು ಮಾಡಿ ಹಿಡಿದಿದ್ದ. ಇಡೀ ಮಂಟಪ ಗಪ್‌ಚಿಪ್. ಆ ನಿಶ್ಶಬ್ದದಲ್ಲಿ ಹುಡುಗನ ದೊಡ್ಡಪ್ಪ ಒಂದೇ ಒಂದು ಸೀನು ಸೀನಿದರು. ಅಡುಗೆಮನೆಯವರೆಗೂ ಕೇಳಿಸಿತಂತೆ.

ಆಮೇಲಿನದನ್ನು ಕೇಳಬೇಡಿ. ಹುಡುಗನ ಸೋದರತ್ತೆ ನಮ್ಮ ಮುಂದೆ ಬಂದು ಎದೆ ಬಡಿದುಕೊಂಡರು. "ತಾಳಿ ಕಟ್ಟೋ ವೊತ್ನಾಗೆ ಸಾವಿನ್ ಮನೆ ಪೀಪಿ ಊದ್ಬುಟ್ರಲ್ಲಪ್ಪಾ! ಯಾರ್ ಕಳ್ಸಿದ್ರು ನಿಮ್ಮನ್ನ?" ಮ್ಯಾನೇಜರು ಓಡಿಬಂದು ಅಪ್ಪನಿಗೆ, "ಏನಯ್ಯಾ, ಅಕ್ಷತೆ ಬಿದ್ದೋಯ್ತು, ನಿನ್ ಡೋಲು ನಿದ್ದೆ ವೊಡೀತೈತೆ! ನನ್ ಮಂಟಪದ ಮರ್ವಾದೆ ತೆಗ್ದೆ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ" ಎಂದರು. ಅಪ್ಪ ಡೋಲಿಗೆ ಬಟ್ಟೆ ಸುತ್ತಿದರು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಒಂದು ಸೀನಿಗೆ ಇಷ್ಟು ಹೆದರುವ ಜನ, ಅದೇ ಹೊತ್ತಿಗೆ ತಮ್ಮ ಮಂಟಪದಲ್ಲಿ ಏನು ಕೇಳಿಸಿತು ಎಂದು ಒಬ್ಬರಾದರೂ ತಿರುಗಿ ನೋಡಲಿಲ್ಲವಲ್ಲ! ಅಂದಹಾಗೆ ಆ ಹುಡುಗ-ಹುಡುಗಿ ಚೆನ್ನಾಗಿದ್ದಾರೆ. ಎರಡು ಮಕ್ಕಳು. ಸೀನಿದ ದೊಡ್ಡಪ್ಪನೂ ಗಟ್ಟಿಮುಟ್ಟಾಗಿದ್ದಾರೆ.

ಮಧುಗಿರಿಯ ಬಸ್ಸಿನಲ್ಲಿ ಆತ ಮುಂದಿನ ಸೀಟಿನಲ್ಲಿ ಕೂತಿದ್ದ. ಕ್ಷಮಿಸಿ ಎನ್ನುತ್ತಾನೆ ಎಂದು ಕಾದೆ. ಎನ್ನಲಿಲ್ಲ. ಊರು ಹತ್ತಿರ ಬಂದಾಗ ಒಮ್ಮೆ ಹಿಂದೆ ತಿರುಗಿ, "ಮಳ್ಳೀ ರಾದಮ್ಮಾ ಅದಿ. ಇನ್ನೊಂದ್ಸಲ ಬರಲ್ಲ ಅದು" ಎಂದಷ್ಟೇ ಹೇಳಿದ. ಮುಖದಲ್ಲಿ ಒಂದು ತೃಪ್ತಿ! ನಮ್ಮ ಮನೆಗೆ ಬೆಂಕಿಯಿಟ್ಟು ಬೆಚ್ಚಗಾಯಿತು ಎನ್ನುವವನಂತೆ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಆತ ಇಳಿದುಹೋದ ಮೇಲೆ ಅಪ್ಪನನ್ನು ತರಾಟೆಗೆ ತೆಗೆದುಕೊಂಡೆ. "ಇಷ್ಟು ವರ್ಷದ ಹೆಸರು ಹೋಯ್ತಲ್ಲಪ್ಪಾ. ಕಣ್ ಮುಚ್ಕೊಂಡು ಏನ್ ಮಾಡ್ತಿದ್ದೆ ನೀನು?"

ಅಪ್ಪ ಡೋಲನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. "ಎತ್ತಾಗೆ ವೋಯ್ತದೆ ಅಂತ ನೋಡ್ತಿದ್ದೆ ಕಣಮ್ಮ" ಎಂದರು. ಡೋಲಿನ ಬಟ್ಟೆ ಸರಿಮಾಡಿ, "ಚೆನ್ನಾಗಿತ್ತು" ಎಂದರು.

ಕೊರಟಗೆರೆಯ ಮಂಟಪ ಹೋಯಿತು. ಅದರ ಹಿಂದೆ ಉಳಿದವೂ ಹೋದವು. ಗಟ್ಟಿಮೇಳ ತಪ್ಪಿಸಿದ ಸೆಟ್ಟು ಎಂದು ಸಿರಾದವರೆಗೂ ಮಾತು ಹಬ್ಬಿತು. ಈಗ ಆ ಮಂಟಪದಲ್ಲಿ ವಾಲಗವೇ ಇಲ್ಲ. ಪುರೋಹಿತರು ಬೆರಳೆತ್ತಿದರೆ ಡೀಜೆಯವನು ಮೊಬೈಲು ಒತ್ತುತ್ತಾನೆ. ನಾನೇ ಒಂದು ಮದುವೆಯಲ್ಲಿ ಕಣ್ಣಾರೆ ಕಂಡೆ, ಗಟ್ಟಿಮೇಳಕ್ಕೆ ಮೊದಲು ಸೋಪಿನ ಜಾಹೀರಾತು ಬಂತು. ಯಾರೂ ಎದೆ ಬಡಿದುಕೊಳ್ಳಲಿಲ್ಲ. ನಾನು ಮಕ್ಕಳಿಗೆ ಪಾಠ ಹೇಳಿಕೊಂಡು ಬದುಕುತ್ತಿದ್ದೇನೆ. ಅಪ್ಪ ತೀರಿಹೋಗಿ ನಾಲ್ಕು ವರ್ಷವಾಯಿತು. ಜಾಝ್ ಸಾರ್ ಹಲ್ಲು ತೆಗೆಸಿ, ಕಟ್ಟಿಸಿಕೊಂಡ ಹಲ್ಲಿನಲ್ಲಿ ಊದಲಾಗದೆ, ಪಾವಗಡದ ಕಡೆಗೆ ಹೊರಟುಹೋದ. ಅಲ್ಲೇ ತೀರಿಕೊಂಡ ಸುದ್ದಿ ಹೋದ ವರ್ಷ ಹಾರ್ಡ್‌ವೇರ್ ಅಂಗಡಿಯವರು ಹೇಳಿದರು. ಅಯ್ಯೋ ಎನ್ನಲೂ ಇಲ್ಲ ನಾನು.

ಈ ಹಾಳು ಲವಂಗದೆಣ್ಣೆ ಬಂದು ಎಲ್ಲ ಕೆಡಿಸಿತು. ರಾತ್ರಿಯಿಡೀ ಆ ಸೋಲೊ ನೆನಪಿಸಿಕೊಳ್ಳಲು ಹೆಣಗಿದೆ. ಎರಡು ಮೂರು ಸಲ ಕೇಳಿದರೆ ಯಾವುದನ್ನೂ ಮರೆಯದ ಕಿವಿ ನನ್ನದು. ಇದನ್ನು ಕೇಳಿದ್ದು ಒಂದೇ ಸಲ. ಬೆಳಗ್ಗೆ ಎದ್ದಾಗ ಹೊಳೆಯಿತು, ಮದುವೆಯೆಂದ ಮೇಲೆ ವೀಡಿಯೊ ಮಾಡಿಸಿರುತ್ತಾರಲ್ಲ! ಹಲ್ಲಿಗೆ ಹತ್ತಿ ಇಟ್ಟುಕೊಂಡೇ ಕೊರಟಗೆರೆಯ ಬಸ್ಸು ಹತ್ತಿದೆ.

ಅಂದಿನ ಮದುಮಗಳು ಬಾಗಿಲಲ್ಲೇ ಗುರುತು ಹಿಡಿದಳು. "ಅಯ್ಯೋ, ಸ್ಯಾಕ್ಸೋಫೋನ್ ಅಕ್ಕ!" ಎಂದು ನಕ್ಕು, ಕಾಫಿ ಕೊಟ್ಟು, ಟೀವಿಗೆ ಪೆನ್‌ಡ್ರೈವ್ ಸಿಕ್ಕಿಸಿದಳು. ಧಾರೆಯ ಭಾಗ ಬಂತು. ಮಂಟಪದ ಮೂಲೆಯಲ್ಲಿ ನಾವು ಮೂವರೂ ಕೂತಿದ್ದೇವೆ. ಆತನ ಕೆನ್ನೆ ಉಬ್ಬಿದೆ, ಅಪ್ಪ ಕಣ್ಣು ಮುಚ್ಚಿದ್ದಾರೆ... ಟೀವಿಯಿಂದ ಬರುತ್ತಿದ್ದದ್ದು ಯಾವುದೋ ಸಿನಿಮಾ ಹಾಡು.

"ಇದ್ರ ಸೌಂಡು?" ಎಂದೆ.

"ಅವತ್ತು ಹಂಗಾಯ್ತಲ್ಲ ಅಕ್ಕ. ಅಪಶಕುನ, ಇಟ್ಕಬಾರ್ದು ಅಂತ ನಮ್ಮತ್ತೆ ಎಲ್ಲಾ ಅಳಿಸ್ಬುಟ್ಟು ಹಾಡು ಹಾಕ್ಸಿದ್ರು."

"ಟೀವಿ ಸೌಂಡ್ ಪೂರ್ತಿ ತೆಗೆಯಮ್ಮ" ಎಂದೆ. ತೆಗೆದಳು. ನಾನು ಎದ್ದು ಟೀವಿಯ ಹತ್ತಿರ ಹೋಗಿ ನಿಂತೆ. ಊದುವವರಿಗೆ ಬೆರಳು ಕಂಡರೆ ಸಾಕು, ಸ್ವರ ಗೊತ್ತಾಗುತ್ತದೆ. ಕ್ಯಾಮೆರಾ ಆತನ ಕೈಗಳ ಹತ್ತಿರ ಬಂತು. ಬೆರಳು ಎದ್ದವು, ಕೂತವು. ಒಂದು ಸ್ವರ. ಎರಡು. ಮೂರು. ನಾಲ್ಕನೆಯದು ಗಾಂಧಾರ, ಅದನ್ನು ತುಟಿಯಲ್ಲಿ ಎಷ್ಟು ಬಗ್ಗಿಸಿದನೆಂದು ಬೆರಳು ಹೇಳುವುದಿಲ್ಲ. ಐದನೆಯದಕ್ಕೆ ಬೆರಳು ಏಳುವಷ್ಟರಲ್ಲಿ ಪರದೆ ತುಂಬ ಗುಲಾಬಿ ಹೂವಿನ ದಳಗಳು ಸುರಿದವು. ದಳಗಳೆಲ್ಲ ಸೇರಿ ಒಂದು ಹೃದಯವಾಗಿ, ಅದರೊಳಗಿನಿಂದ ಹುಡುಗ-ಹುಡುಗಿ ಕೈ ಬೀಸಿದರು. ವೀಡಿಯೊದವನು ಅದಕ್ಕೆಂದೇ ಬೇರೆ ದುಡ್ಡು ತಗೊಂಡನಂತೆ.

ಮತ್ತೆ ಮತ್ತೆ ಹಾಕಿಸಿ ನೋಡಿದೆ. ಅಷ್ಟೇ ಇದ್ದದ್ದು.

ಮನೆಗೆ ಬಂದು, ಹಲ್ಲು ನೋಯುತ್ತಿದ್ದರೂ, ಆ ನಾಲ್ಕು ಸ್ವರ ಊದಿದೆ. ನನಗೆ ಆ ಮನುಷ್ಯನ ಮೇಲೆ ಗೌರವ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಬುರುಡೆದಾಸ, ಬಿಟ್ಟಿ ಊಟದವನು, ನಮ್ಮ ಅನ್ನ ಕಳೆದವನು. ಆದರೆ ನಾಲ್ಕರ ಮುಂದೆ ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ನುಡಿಸಿದವನೂ ಇಲ್ಲ, ಕಣ್ಣು ಮುಚ್ಚಿ ಕೇಳಿದವರೂ ಇಲ್ಲ. ಸ್ಯಾಕ್ಸೋಫೋನ್ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಅತ್ತೆ.